ಯಾರ ಕಾಲಿಗೆ ಯಾವ ಫಿನ್?

ಸ್ಕೂಬಾ ಡೈವಿಂಗ್‌ನಲ್ಲಿ ಕೈಗಳಿಗೆ ಹೆಚ್ಚು ಕೆಲಸವಿಲ್ಲ. ನೀರಿನ ಮೇಲೆ ಈಜುವವರು ತೋಳು ಬೀಸಿ ನೀರನ್ನು ಹಿಂದಕ್ಕೆ ನೂಕುತ್ತಾರೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕೆಳಗಿಳಿದವರು ಕೈಗಳನ್ನು ಎದೆಯ ಬಳಿ ಮಡಚಿಟ್ಟುಕೊಂಡು ಕಾಲುಗಳಿಂದಲೇ ಸಾಗುತ್ತಾರೆ. ಮುಂದೆ ಹೋಗುವುದು, ತಿರುಗುವುದು, ಸೆಳವಿಗೆ ಎದುರಾಗಿ ನಿಲ್ಲುವುದು, ಪಳಗಿದವರಾದರೆ ಹಿಂದಕ್ಕೆ ಸರಿಯುವುದು, ಎಲ್ಲವೂ ಕಾಲಿಗೆ ತೊಟ್ಟ ಫಿನ್‌ನಿಂದಲೇ ಆಗಬೇಕು. ಹೀಗಿದ್ದರೂ ಹೊಸಬರು ಮುಖಕ್ಕೆ ಹಾಕುವ ಮಾಸ್ಕ್ ಆರಿಸಲು ಗಂಟೆಗಟ್ಟಲೆ ಯೋಚಿಸುತ್ತಾರೆ, ಫಿನ್ ಮಾತ್ರ ಅಂಗಡಿಯವನು ಕೊಟ್ಟದ್ದನ್ನು ಎತ್ತಿಕೊಂಡು ಬರುತ್ತಾರೆ. ಅದರ ಫಲ ಮೊದಲ ದಿನವೇ ಮೀನಖಂಡದ ಸೆಳೆತವಾಗಿಯೋ ಹಿಮ್ಮಡಿಯ ಗುಳ್ಳೆಯಾಗಿಯೋ ಕಾಣಿಸಿಕೊಳ್ಳುತ್ತದೆ.

ಫಿನ್ ಮಾಡುವ ಕೆಲಸ ಸರಳ. ಬರಿಗಾಲಿನ ಅಂಗೈಯಗಲದ ಜಾಗವನ್ನು ಅದು ಹಲವು ಪಟ್ಟು ಹಿಗ್ಗಿಸುತ್ತದೆ. ಕಾಲು ಬೀಸಿದಾಗ ಹೆಚ್ಚು ನೀರು ಹಿಂದಕ್ಕೆ ಹೋಗುತ್ತದೆ, ಆ ನೂಕಿಗೆ ಪ್ರತಿಯಾಗಿ ದೇಹ ಮುಂದಕ್ಕೆ ಸಾಗುತ್ತದೆ. ಆದರೆ ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದದ್ದು. ಅದನ್ನು ಸೀಳಿಕೊಂಡು ಹೋಗುವವರಿಗೆ ಎದುರಾಗುವ ಪ್ರತಿರೋಧ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗವನ್ನು ಎರಡು ಪಟ್ಟು ಮಾಡಹೊರಟರೆ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ, ಅದಕ್ಕೆ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಸಿಲಿಂಡರ್, ಜಾಕೆಟ್, ಕೊಳವೆಗಳನ್ನೆಲ್ಲ ಹೊತ್ತ ಮನುಷ್ಯದೇಹವಂತೂ ಮೀನಿನಂತೆ ನಯವಾದ ಆಕಾರದ್ದಲ್ಲ. ಗಂಟೆಗೆ ಎರಡು ಕಿಲೋಮೀಟರ್‌ಗೂ ಕಡಿಮೆ ವೇಗದ ಸೆಳವಿನ ಎದುರು ಈಜುವುದೇ ಗಟ್ಟಿ ಕಾಲಿನವರನ್ನೂ ಬೇಗನೆ ದಣಿಸುತ್ತದೆ. ಆದ್ದರಿಂದ 'ಅತಿ ವೇಗದ ಫಿನ್' ಎಂಬ ಜಾಹೀರಾತಿನ ಮಾತಿಗೆ ಸ್ಕೂಬಾದಲ್ಲಿ ಅಷ್ಟೇನೂ ಬೆಲೆಯಿಲ್ಲ. ಕಡಿಮೆ ಶ್ರಮದಲ್ಲಿ ಎಷ್ಟು ದೂರ ಸಾಗಬಹುದು ಎಂಬುದೇ ನಿಜವಾದ ಅಳತೆ.

ಶ್ರಮದ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಗಾಳಿಯ ಲೆಕ್ಕಕ್ಕೆ. ಬಹಳ ಕಡೆ ಬಳಕೆಯಲ್ಲಿರುವ ಅಲ್ಯೂಮಿನಿಯಂ ಸಿಲಿಂಡರ್‌ನ ಒಳಗಾತ್ರ ಸುಮಾರು 11 ಲೀಟರ್. 200 ಬಾರ್ ಒತ್ತಡದಲ್ಲಿ ಅದರೊಳಗೆ ಸುಮಾರು 2,200 ಲೀಟರ್ ಗಾಳಿ ಹಿಡಿಯುತ್ತದೆ. ಮೇಲೆ ಬರುವಾಗ 50 ಬಾರ್ ಉಳಿದಿರಬೇಕೆಂದು ಎತ್ತಿಟ್ಟರೆ ಖರ್ಚಿಗೆ ಸಿಗುವುದು 1,650 ಲೀಟರ್. ನೆಲದ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 20 ಮೀಟರ್ ಆಳದಲ್ಲಿ, ಅಲ್ಲಿನ ಮೂರು ಪಟ್ಟು ಒತ್ತಡದಿಂದಾಗಿ, ನಿಮಿಷಕ್ಕೆ 60 ಲೀಟರ್ ಎಳೆದುಕೊಳ್ಳುತ್ತಾರೆ. ಅಂದರೆ ಸುಮಾರು 27 ನಿಮಿಷದ ಗಾಳಿ. ಕಾಲಿಗೆ ಒಗ್ಗದ ಫಿನ್ ತೊಟ್ಟು ಏದುಸಿರು ಬಿಡುತ್ತಾ ಇದರ ಇಮ್ಮಡಿ ಉಸಿರಾಡಿದರೆ 14 ನಿಮಿಷದೊಳಗೆ ಆಟ ಮುಗಿಯುತ್ತದೆ. ಗಾಳಿ ಮುಗಿಯುವುದಷ್ಟೇ ತೊಂದರೆಯಲ್ಲ. ಆಳದಲ್ಲಿ ಅತಿಯಾಗಿ ದಣಿದರೆ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಸೇರುತ್ತಾ ಹೋಗಿ ಉಸಿರು ಸಾಲದೆಂಬ ಭಾವ ಹುಟ್ಟುತ್ತದೆ, ಗಾಬರಿ ಅದರ ಬೆನ್ನಿಗೇ ಬರುತ್ತದೆ.

ಕಾಲಿಗೆ ಹಲಗೆ ಕಟ್ಟಿಕೊಂಡು ಈಜುವ ಯೋಚನೆ ಹಳೆಯದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಬಾಸ್ಟನ್‌ನಲ್ಲಿ ಹುಡುಗನಾಗಿದ್ದಾಗ ಸುಮಾರು 10 ಅಂಗುಲ ಉದ್ದ, 6 ಅಂಗುಲ ಅಗಲದ ಮರದ ಹಲಗೆಗಳನ್ನು ಮಾಡಿ, ಹೆಬ್ಬೆರಳಿಗೆ ತೂತು ಕೊರೆದು, ಎರಡೂ ಅಂಗೈಗೆ ತೊಟ್ಟು ಈಜಿದ್ದ. ವೇಗವೇನೋ ಹೆಚ್ಚಿತು, ಮಣಿಕಟ್ಟು ಸೋತುಹೋಯಿತು. ಅಂಗಾಲಿಗೂ ಚಪ್ಪಲಿಯಂಥದ್ದನ್ನು ಕಟ್ಟಿ ನೋಡಿದ, ಅದು ಅವನಿಗೆ ಹಿಡಿಸಲಿಲ್ಲ. ಈಜುವಾಗ ನೀರನ್ನು ತಳ್ಳುವುದು ಅಂಗಾಲು ಮಾತ್ರವಲ್ಲ, ಪಾದದ ಒಳಬದಿ ಮತ್ತು ಗಿಣ್ಣುಗಳೂ ಹೌದು ಎಂದು ಅವನು ಮುಂದೊಮ್ಮೆ ಪತ್ರದಲ್ಲಿ ಬರೆದ. ಹಲಗೆ ಎಷ್ಟೇ ದೊಡ್ಡದಿರಲಿ, ಅದು ಕಾಲಿನ ಸಹಜ ಚಲನೆಗೆ ಹೊಂದದಿದ್ದರೆ ಪ್ರಯೋಜನವಿಲ್ಲ ಎಂಬ ಪಾಠ ಅಲ್ಲೇ ಇತ್ತು.

ಇಂದಿನ ಫಿನ್‌ಗೆ ರೂಪ ಕೊಟ್ಟವನು ಫ್ರಾನ್ಸ್‌ನ ನೌಕಾಧಿಕಾರಿ ಲೂಯಿ ದ ಕೊರ್ಲ್ಯೂ. 1914ರಲ್ಲಿಯೇ ತನ್ನ ಮೊದಲ ಮಾದರಿಯನ್ನು ಸಹೋದ್ಯೋಗಿಗಳಿಗೆ ತೋರಿಸಿದ್ದ ಆತ 1933ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯ ಚಿನ್ನ ಗೆದ್ದಿದ್ದ ಓವನ್ ಚರ್ಚಿಲ್ 1940ರಲ್ಲಿ ಅಮೆರಿಕದಲ್ಲಿ ರಬ್ಬರ್ ಫಿನ್‌ಗಳನ್ನು ಮಾರುಕಟ್ಟೆಗೆ ತಂದ. ಎರಡನೆಯ ಮಹಾಯುದ್ಧದ ಮುಳುಗುಪಡೆಗಳು ಅವನ್ನೇ ತೊಟ್ಟವು. ಅತ್ತ 1943ರಲ್ಲಿ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ ನೀರಿನೊಳಗೆ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಸಾಧನ 'ಆಕ್ವಾಲಂಗ್' ರೂಪಿಸಿದ ಮೇಲೆ ಬೆನ್ನಿನ ಗಾಳಿ, ಕಾಲಿನ ಫಿನ್ ಎರಡೂ ಜೊತೆಗೂಡಿ ಸ್ಕೂಬಾ ಎಂಬುದು ಜನಸಾಮಾನ್ಯರ ಹವ್ಯಾಸವಾಗುವ ದಾರಿ ತೆರೆಯಿತು. 1950ರ ದಶಕದ ಆರಂಭದಲ್ಲಿ ಇಟಲಿಯ ಲುಯಿಜಿ ಫೆರಾರೊ ವಿನ್ಯಾಸಗೊಳಿಸಿದ ಕ್ರೆಸಿ ಕಂಪನಿಯ 'ರೊಂಡಿನೆ' ಇಡೀ ಪಾದವನ್ನು ಶೂನಂತೆ ಮುಚ್ಚಿತು. 1960ರ ದಶಕದ ಮಧ್ಯದಲ್ಲಿ ಫ್ರಾನ್ಸ್‌ನ ಜಾರ್ಜ್ ಬುಷಾ ಕಿಂಡಿಗಳಿರುವ 'ಜೆಟ್‌ಫಿನ್' ತಂದ. ಆ ಕಪ್ಪು ರಬ್ಬರ್ ಫಿನ್ ಹೆಚ್ಚು ಬದಲಾಗದೆ ಇವತ್ತಿಗೂ ಮಾರಾಟವಾಗುತ್ತಿದೆ. ಅದಾದ ಮೇಲೆ ಬಂದ ಎಷ್ಟೋ 'ಕ್ರಾಂತಿಕಾರಿ' ಮಾದರಿಗಳು ಅಂಗಡಿಯಿಂದ ಮಾಯವಾಗಿವೆ.

ಆಯ್ಕೆಯ ಮೊದಲ ಕವಲು ಕಾಲು ತೂರಿಸುವ ಭಾಗದಲ್ಲಿದೆ. ಅದಕ್ಕೆ ಫುಟ್ ಪಾಕೆಟ್ ಎನ್ನುತ್ತಾರೆ. ಒಂದು ಬಗೆಯಲ್ಲಿ ಅದು ಹಿಮ್ಮಡಿಯನ್ನೂ ಸೇರಿಸಿ ಪಾದವನ್ನು ಪೂರ್ತಿ ಹಿಡಿಯುತ್ತದೆ, ಬರಿಗಾಲಲ್ಲೋ ತೆಳ್ಳನೆಯ ಸಾಕ್ಸ್ ಹಾಕಿಯೋ ತೊಡಬಹುದು. ಇದು ಫುಲ್ ಫುಟ್. ಇನ್ನೊಂದರಲ್ಲಿ ಹಿಮ್ಮಡಿಯ ಕಡೆ ತೆರೆದಿದ್ದು, ನಿಯೋಪ್ರಿನ್ ಬೂಟು ಹಾಕಿದ ಕಾಲನ್ನು ಒಳಗೆ ತೂರಿಸಿ ಹಿಂದಿನಿಂದ ಪಟ್ಟಿ ಬಿಗಿಯುತ್ತಾರೆ. ಇದು ಓಪನ್ ಹೀಲ್. ಮೊದಲನೆಯದು ಹಗುರ, ಅಗ್ಗ, ಚೀಲದಲ್ಲಿ ಕಡಿಮೆ ಜಾಗ ಹಿಡಿಯುತ್ತದೆ. ಬೆಚ್ಚಗಿನ ನೀರಿನಲ್ಲಿ, ದೋಣಿಯಿಂದಲೇ ನೀರಿಗಿಳಿದು ದೋಣಿಗೇ ಹತ್ತುವವರಿಗೆ ಅದು ಸಾಕು. ಆದರೆ ಬಂಡೆಯ ದಡದಿಂದ ಇಳಿಯಬೇಕಾದಲ್ಲಿ, ಚಿಪ್ಪು ಅಂಟಿದ ಕಲ್ಲುಗಳ ಮೇಲೆ ಭಾರ ಹೊತ್ತು ನಡೆಯಬೇಕಾದಲ್ಲಿ ಬರಿಗಾಲು ಕೊಯ್ದುಹೋಗುತ್ತದೆ. ತಣ್ಣೀರಿನಲ್ಲಂತೂ ಬೂಟು ಇಲ್ಲದೆ ಆಗದು. ಹೀಗಾಗಿ ಹಲವು ಬಗೆಯ ಜಾಗಗಳಲ್ಲಿ ಮುಳುಗುವ ಯೋಚನೆಯಿರುವವರಿಗೆ ಓಪನ್ ಹೀಲ್ ಹೆಚ್ಚು ಕಾಲ ಬಾಳುವ ಆಯ್ಕೆ.

ಯಾವ ಬಗೆಯಾದರೂ ಕಾಲಿಗೆ ಸರಿಯಾಗಿ ಕೂರುವುದೇ ಮುಖ್ಯ. ಬ್ಲೇಡಿನ ವಿನ್ಯಾಸ, ಬೆಲೆ, ಕಂಪನಿಯ ಹೆಸರು ಎಲ್ಲವೂ ಅದರ ನಂತರ. ಫುಲ್ ಫುಟ್ ಆದರೆ ಕೂತು ತೊಟ್ಟು ಕಾಲನ್ನು ಎತ್ತಿ ಜೋರಾಗಿ ಅಲ್ಲಾಡಿಸಿ ನೋಡಬೇಕು. ಹಿಮ್ಮಡಿ ಜಾರಬಾರದು, ಬೆರಳುಗಳನ್ನು ಒಳಗೆ ಅಲುಗಿಸಲು ಬರಬೇಕು, ಪಾದದ ಮೇಲ್ಭಾಗವನ್ನು ರಬ್ಬರಿನ ಅಂಚು ಒತ್ತಬಾರದು. ಓಪನ್ ಹೀಲ್ ಆದರೆ ಬೂಟು ಹಾಕಿದ ಪಾದ ಪಾಕೆಟ್‌ನ ಕೊನೆಯವರೆಗೆ ಹೋಗಬೇಕು. ಅರ್ಧಕ್ಕೇ ಸಿಕ್ಕಿಕೊಂಡರೆ ಬಲವೆಲ್ಲ ಬೆರಳ ತುದಿಯ ಮೇಲೆ ಬೀಳುತ್ತದೆ. ಪಟ್ಟಿಯನ್ನು ಕಿತ್ತುಹೋಗುವಂತೆ ಎಳೆದು ಬಿಗಿದರೆ ಮಾತ್ರ ನಿಲ್ಲುವ ಫಿನ್ ಅಳತೆಯಲ್ಲಿ ದೊಡ್ಡದು ಎಂದೇ ಅರ್ಥ. ಬಿಗಿಯಾದದ್ದು ಅಂಗಾಲಿನ ಕಮಾನಿನಲ್ಲಿ ಸೆಳೆತ ತರುತ್ತದೆ, ಜೋಮು ಹಿಡಿಸುತ್ತದೆ. ಸಡಿಲವಾದದ್ದು ಚರ್ಮ ತಿಕ್ಕಿ ಗುಳ್ಳೆ ಎಬ್ಬಿಸುತ್ತದೆ, ಪ್ರತಿ ಒದೆತದಲ್ಲೂ ಒಂದಿಷ್ಟು ಬಲವನ್ನು ಪಾಕೆಟ್‌ನೊಳಗೇ ನುಂಗುತ್ತದೆ. ದೋಣಿಯಿಂದ ದೊಡ್ಡ ಹೆಜ್ಜೆಯಿಟ್ಟು ನೀರಿಗೆ ಬೀಳುವಾಗ ಕಾಲಿನಿಂದ ಕಳಚಿ ತಳ ಸೇರುವುದೂ ಉಂಟು.

ಅಳತೆಯ ಸಂಖ್ಯೆಯನ್ನು ನಂಬಿ ಕೊಳ್ಳುವುದು ಅಪಾಯ. ಫುಲ್ ಫುಟ್‌ಗಳಿಗೆ ಶೂನಂತೆ ಸಂಖ್ಯೆಯಿದ್ದರೂ ಒಂದೊಂದು ಅಳತೆ ಎರಡು ಶೂ ಸಂಖ್ಯೆಗಳನ್ನು ಒಟ್ಟಿಗೆ ಒಳಗೊಂಡಿರುತ್ತದೆ. ಓಪನ್ ಹೀಲ್‌ನಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂಬಷ್ಟೇ ವಿಂಗಡಣೆ, ಅದೂ ಕಂಪನಿಯಿಂದ ಕಂಪನಿಗೆ ಬೇರೆ. ನಮ್ಮ ಕಡೆಯ ಪಾದಗಳಿಗೆ ಇನ್ನೊಂದು ವಿಚಾರವಿದೆ. ದಕ್ಷಿಣ ಭಾರತದಲ್ಲಿ ಬದುಕಿನುದ್ದಕ್ಕೂ ಬರಿಗಾಲಲ್ಲಿ ನಡೆದವರ ಪಾದಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಅವರ ಪಾದದ ಮುಂಭಾಗ ಶೂ ತೊಡುವವರದ್ದಕ್ಕಿಂತ ಅಗಲವಾಗಿರುವುದು ಕಂಡುಬಂದಿತ್ತು. ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಯುರೋಪಿನ ಕಾಲಿನ ಅಚ್ಚಿನಲ್ಲಿ ತಯಾರಾದ ಕಿರಿದಾದ ಪಾಕೆಟ್ ಉದ್ದದಲ್ಲಿ ಸರಿಹೋಗಿ ಅಗಲದಲ್ಲಿ ಹಿಂಡಬಹುದು. ಅಂಥವರು ತೊಟ್ಟು ನೋಡದೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳದಿರುವುದೇ ಮೇಲು. ಬೂಟು ಬೇಕಾದವರು ಮೊದಲು ಬೂಟನ್ನೇ ಕೊಳ್ಳಬೇಕು, ಅದನ್ನು ಹಾಕಿಕೊಂಡು ಆಮೇಲೆ ಫಿನ್ ನೋಡಬೇಕು. 3 ಮಿಲಿಮೀಟರ್ ದಪ್ಪದ ಬೂಟಿಗೆ ಹಿಡಿದ ಫಿನ್ 5 ಮಿಲಿಮೀಟರ್ ಬೂಟಿಗೆ ಹಿಡಿಯಲೇಬೇಕೆಂದಿಲ್ಲ.

ಓಪನ್ ಹೀಲ್‌ನ ಪಟ್ಟಿ ಚಿಕ್ಕ ವಿಷಯದಂತೆ ಕಂಡರೂ ಡೈವ್ ಕೆಡಿಸುವುದರಲ್ಲಿ ಅದರ ಪಾಲು ದೊಡ್ಡದು. ಹಳೆಯ ಬಗೆಯ ರಬ್ಬರ್ ಪಟ್ಟಿಗೆ ಬಕಲ್ ಇರುತ್ತದೆ. ಪ್ರತಿ ಸಲ ಎಳೆದು ಹೊಂದಿಸಬೇಕು, ಕಾಲಾಂತರದಲ್ಲಿ ಅದು ಬಿರಿಯುತ್ತದೆ. ಈಗ ಸ್ಟೀಲ್ ಸ್ಪ್ರಿಂಗ್‌ನ ಪಟ್ಟಿಗಳು ಜನಪ್ರಿಯವಾಗಿವೆ. ಒಮ್ಮೆ ಹೊಂದಿಸಿದರೆ ಸಾಕು, ಬೆರಳು ತೂರಿಸಿ ಎಳೆದು ಬಿಟ್ಟರೆ ತಾನೇ ಹಿಡಿದುಕೊಳ್ಳುತ್ತದೆ. ಆಳಕ್ಕೆ ಹೋದಂತೆ ಬೂಟಿನ ನಿಯೋಪ್ರಿನ್ ಒತ್ತಡಕ್ಕೆ ಸಿಕ್ಕಿ ತೆಳುವಾಗುತ್ತದೆ. ರಬ್ಬರ್ ಪಟ್ಟಿ ಆಗ ಸಡಿಲವಾದಂತೆ ಅನಿಸಿದರೆ ಸ್ಪ್ರಿಂಗ್ ತಾನಾಗಿ ಕುಗ್ಗಿ ಬಿಗಿಯನ್ನು ಉಳಿಸಿಕೊಳ್ಳುತ್ತದೆ. ಫಿನ್‌ನೊಂದಿಗೆ ಬಂದ ಪಟ್ಟಿಯನ್ನು ತೆಗೆದು ಸ್ಪ್ರಿಂಗ್ ಹಾಕಿಸುವ ಖರ್ಚು ದಂಡವಾಗುವುದಿಲ್ಲ.

ಪಾದದಿಂದ ಮುಂದಕ್ಕೆ ಚಾಚಿದ ಅಗಲ ಹಲಗೆಯೇ ಬ್ಲೇಡ್. ಅದರ ಉದ್ದ ಮತ್ತು ಬಿಗುಪು, ಈ ಎರಡರಿಂದ ಫಿನ್‌ನ ಗುಣ ತೀರ್ಮಾನವಾಗುತ್ತದೆ. ಇದನ್ನು ಸೈಕಲ್ಲಿನ ಗೇರಿಗೆ ಹೋಲಿಸಬಹುದು. ಉದ್ದವಾದ ಬಿಗಿ ಬ್ಲೇಡ್ ಭಾರದ ಗೇರಿನಂತೆ, ಒಂದೊಂದು ತುಳಿತಕ್ಕೂ ದೂರ ಹೋಗುತ್ತದೆ, ಆದರೆ ತೊಡೆಯಲ್ಲಿ ಕಸುವಿರಬೇಕು. ಮೆತ್ತನೆಯ ಗಿಡ್ಡ ಬ್ಲೇಡ್ ಹಗುರ ಗೇರಿನಂತೆ, ಸಲೀಸಾಗಿ ತಿರುಗುತ್ತದೆ, ಆದರೆ ಹೆಚ್ಚು ಸಲ ತುಳಿಯಬೇಕು. ತೀರಾ ಬಿಗಿಯಾದದ್ದು ಅಭ್ಯಾಸವಿಲ್ಲದ ಮೀನಖಂಡವನ್ನು ಹತ್ತೇ ನಿಮಿಷದಲ್ಲಿ ಹಿಡಿದು ನಿಲ್ಲಿಸುತ್ತದೆ. ತೀರಾ ಮೆತ್ತಗಿರುವುದು ಸೆಳವು ಎದುರಾದಾಗ ಬಾಗಿ ನೀರನ್ನು ಜಾರಿಸಿಬಿಡುತ್ತದೆ, ಕಾಲು ಆಡುತ್ತಲೇ ಇದ್ದರೂ ದೇಹ ಇದ್ದಲ್ಲೇ ಇರುತ್ತದೆ. ಎತ್ತರದ ಗಟ್ಟಿ ಮೈಕಟ್ಟಿನವರು ಸಲೀಸಾಗಿ ಬಳಸುವ ಫಿನ್ ಅವರ ಜೊತೆಗಾರ್ತಿಗೆ ಶಿಕ್ಷೆಯಾಗಬಹುದು. ಮನೆಯವರಿಗೆಲ್ಲ ಒಂದೇ ಮಾದರಿಯನ್ನು ಒಟ್ಟಿಗೆ ಕೊಳ್ಳುವುದು ಈ ಕಾರಣಕ್ಕೇ ಜಾಣತನವಲ್ಲ. ನಡುವಿನ ಬಿಗುಪಿನ, ನಡುವಿನ ಉದ್ದದ ಫಿನ್ ಬಹುಪಾಲು ಹೊಸಬರಿಗೆ ಒಗ್ಗುತ್ತದೆ.

ಬ್ಲೇಡಿನ ಮೇಲಿನ ಕುಸುರಿಗಳಿಗೂ ಒಂದೊಂದು ಉದ್ದೇಶವಿದೆ. ಎರಡು ಅಂಚುಗಳಲ್ಲಿ ಎದ್ದಿರುವ ಏಣುಗಳು ಬ್ಲೇಡ್ ಅಡ್ಡಡ್ಡ ಜಾರದಂತೆ ತಡೆಯುತ್ತವೆ, ನೀರು ಪಕ್ಕದಿಂದ ಸೋರದೆ ಹಿಂದಕ್ಕೇ ಹೋಗುವಂತೆ ಮಾಡುತ್ತವೆ. ಪಾದದ ಬಳಿಯ ಕಿಂಡಿಗಳ ಮೂಲಕ ಒಂದಿಷ್ಟು ನೀರು ದಾಟಿಹೋಗುವುದರಿಂದ ಕಾಲನ್ನು ಹಿಂದಕ್ಕೆ ತರುವಾಗ ಭಾರ ಕಡಿಮೆಯಾಗುತ್ತದೆ. ಬ್ಲೇಡಿನ ಉದ್ದಕ್ಕೂ ಮೆತ್ತನೆಯ ರಬ್ಬರ್ ಪಟ್ಟೆಗಳನ್ನು ಕೂರಿಸಿದ ಮಾದರಿಗಳಲ್ಲಿ ಒದೆದಾಗ ಬ್ಲೇಡ್ ದೊನ್ನೆಯ ಹಾಗೆ ಬಾಗಿ ನೀರನ್ನು ತುಂಬಿಕೊಂಡು ತಳ್ಳುತ್ತದೆ. 1990ರ ದಶಕದ ಕೊನೆಗೆ ಬಂದ ಸ್ಪ್ಲಿಟ್ ಫಿನ್‌ನಲ್ಲಿ ಬ್ಲೇಡ್ ನಡುವೆ ಸೀಳಿರುತ್ತದೆ. ಎರಡು ಹೋಳುಗಳೂ ಒದೆತಕ್ಕೆ ಓರೆಯಾಗಿ ತಿರುಚಿಕೊಳ್ಳುತ್ತವೆ, ಸಣ್ಣ ಸಣ್ಣ ವೇಗದ ಒದೆತಗಳಿಗೆ ಅದು ಚೆನ್ನಾಗಿ ಸ್ಪಂದಿಸುತ್ತದೆ. ಮಂಡಿನೋವು, ಗಿಣ್ಣುನೋವು ಇರುವವರು ಇದನ್ನು ಮೆಚ್ಚುತ್ತಾರೆ. ಕಾಲಿಗೆ ಬೀಳುವ ಭಾರ ಕಡಿಮೆ ಎಂಬುದು ನಿಜ, ಆದರೆ ಅದರ ಮಿತಿ ಬೇರೆಡೆ ಇದೆ. ಆ ಮಿತಿ ತಿಳಿಯಲು ಕಾಲು ಆಡಿಸುವ ಬಗೆಗಳನ್ನು ನೋಡಬೇಕು.

ಹೆಚ್ಚಿನವರು ಮೊದಲು ಕಲಿಯುವುದು ಫ್ಲಟರ್ ಕಿಕ್. ಎರಡೂ ಕಾಲುಗಳನ್ನು ಸೊಂಟದಿಂದ, ಮಂಡಿ ಹೆಚ್ಚು ಮಡಚದೆ, ಒಂದಾದ ಮೇಲೊಂದು ಮೇಲೆ ಕೆಳಗೆ ಬೀಸುವುದು. ಇದರಲ್ಲಿ ಬಲ ಹೆಚ್ಚು, ಸೆಳವಿಗೆ ಎದುರು ಹೋಗಲು ಇದೇ ಬೇಕು. ಆದರೆ ನೀರಿನ ಒಂದು ಪಾಲು ತಳದ ಕಡೆಗೂ ನುಗ್ಗಿ ಹೂಳನ್ನು ಎಬ್ಬಿಸುತ್ತದೆ. ಫ್ರಾಗ್ ಕಿಕ್ ಕಪ್ಪೆ ಈಜುವ ರೀತಿಯದು. ಮಂಡಿ ಮಡಚಿ, ಕಾಲುಗಳನ್ನು ಪಕ್ಕಕ್ಕೆ ಅಗಲಿಸಿ, ಎರಡೂ ಅಂಗಾಲುಗಳಿಂದ ನೀರನ್ನು ಒಟ್ಟಿಗೆ ಹಿಂಡಿ ಹಿಂದಕ್ಕೆ ದೂಡಿ, ಆಮೇಲೆ ಸುಮ್ಮನೆ ತೇಲಿಕೊಂಡು ಸಾಗುವುದು. ಒದೆತಗಳ ನಡುವೆ ವಿಶ್ರಾಂತಿ ಸಿಗುತ್ತದೆ, ತಳದ ಮರಳು ಕದಡುವುದಿಲ್ಲ. ಇದೇ ಚಲನೆಯನ್ನು ತಿರುಗಾಮುರುಗಾ ಮಾಡಿದರೆ ಹಿಂದಕ್ಕೆ ಸರಿಯಬಹುದು, ಒಂದೇ ಕಾಲಿನಿಂದ ಮಾಡಿದರೆ ನಿಂತಲ್ಲೇ ತಿರುಗಬಹುದು. ಹವಳದ ಎದುರು ಕ್ಯಾಮೆರಾ ಹಿಡಿದು ನಿಂತವರಿಗೆ ಹಿಂದೆ ಸರಿಯುವ ಒದೆತ ಗೊತ್ತಿಲ್ಲದಿದ್ದರೆ ಮುಂದಿರುವುದರ ಮೇಲೆ ಬೀಳುವುದೊಂದೇ ದಾರಿ.

ಇವುಗಳಲ್ಲಿ ಯಾವುದನ್ನು ಹೆಚ್ಚು ಬಳಸುತ್ತಾರೆ ಎಂಬುದರ ಮೇಲೆ ಬ್ಲೇಡಿನ ಆಯ್ಕೆ ನಿಂತಿದೆ. ಫ್ಲಟರ್ ಒಂದನ್ನೇ ನೆಚ್ಚಿಕೊಂಡವರಿಗೆ ಉದ್ದನೆಯ ಬಾಗುವ ಬ್ಲೇಡ್, ಇಲ್ಲವೇ ಸ್ಪ್ಲಿಟ್ ಫಿನ್ ಸುಖ ಕೊಡುತ್ತದೆ. ಫ್ರಾಗ್ ಕಿಕ್, ಹಿಂದೆ ಸರಿಯುವುದು, ನಿಂತಲ್ಲೇ ತಿರುಗುವುದು ಬೇಕಾದವರಿಗೆ ಗಿಡ್ಡನೆಯ, ಅಗಲವಾದ, ಬಿಗಿಯಾದ ಬ್ಲೇಡೇ ಸರಿ. ಸೀಳಿದ ಬ್ಲೇಡ್ ಪಕ್ಕದಿಂದ ಬರುವ ಬಲಕ್ಕೆ ನಿಲ್ಲುವುದಿಲ್ಲ. ಸ್ಪ್ಲಿಟ್ ಫಿನ್‌ನ ಮಿತಿ ಇದೇ. ಗುಹೆಗಳಲ್ಲಿ, ಮುಳುಗಿದ ಹಡಗುಗಳ ಒಳಗೆ ಇಳಿಯುವವರು ಅರವತ್ತು ವರ್ಷ ಹಳೆಯ ಜೆಟ್‌ಫಿನ್ ಮಾದರಿಯನ್ನು ಬಿಡದಿರುವುದಕ್ಕೆ ಹಳೆಯದರ ಮೋಹವಲ್ಲ ಕಾರಣ. ಅಲ್ಲಿ ಹೂಳೆದ್ದರೆ ಹೊರಬರುವ ದಾರಿಯೇ ಕಾಣದು. ಇನ್ನು ಮಂಡಿಯನ್ನು ಎದೆಯತ್ತ ಎಳೆದು ಸೈಕಲ್ ತುಳಿದಂತೆ ಕಾಲಾಡಿಸುವ ಅಭ್ಯಾಸ ಹೊಸಬರಲ್ಲಿ ಬಹಳ. ಅದಕ್ಕೆ ಮದ್ದಾಗುವ ಫಿನ್ ಯಾವ ಬೆಲೆಗೂ ಸಿಗುವುದಿಲ್ಲ, ತರಬೇತಿಯೇ ಆಗಬೇಕು.

ಫಿನ್‌ನ ತೂಕವನ್ನು ದಡದ ಮೇಲೆ ಕೈಯಲ್ಲಿ ಹಿಡಿದು ಅಳೆದರೆ ಅರ್ಧ ಮಾತ್ರ ತಿಳಿಯುತ್ತದೆ. ನೀರಿನಲ್ಲಿ ಅದು ತೇಲುತ್ತದೋ ಮುಳುಗುತ್ತದೋ ಎಂಬುದೂ ಮುಖ್ಯ. ಗಟ್ಟಿ ರಬ್ಬರಿನ ಜೋಡಿ ಮೂರು ಕಿಲೋ ಮೀರುವುದುಂಟು, ನೀರಿನಲ್ಲಿ ಕಲ್ಲಿನಂತೆ ಇಳಿಯುತ್ತದೆ. ಪ್ಲಾಸ್ಟಿಕ್ ಬೆರಕೆಯ ಜೋಡಿಗಳು ಇದರ ಅರ್ಧದಷ್ಟಿರುತ್ತವೆ, ಕೆಲವು ತೇಲುತ್ತವೆ, ಕೆಲವು ಮುಳುಗುವುದೂ ಇಲ್ಲ ತೇಲುವುದೂ ಇಲ್ಲ. ತಣ್ಣೀರಿನಲ್ಲಿ, ನೀರು ಒಳಬಾರದಂತೆ ಮೈ ಮುಚ್ಚುವ ಡ್ರೈ ಸೂಟ್ ತೊಡುವವರ ಕಾಲಿನ ಕಡೆ ಗಾಳಿ ಸೇರಿ ಕಾಲುಗಳು ಮೇಲೇಳುತ್ತವೆ, ಅವರಿಗೆ ಭಾರದ ರಬ್ಬರ್ ಫಿನ್ ಉಪಕಾರಿ. ತೆಳ್ಳನೆಯ ಸೂಟಿನಲ್ಲಿ ಬೆಚ್ಚನೆಯ ಕಡಲಿಗಿಳಿಯುವವರಿಗೆ ಅದೇ ಫಿನ್ ಕಾಲುಗಳನ್ನು ಕೆಳಗೆಳೆದು, ದೇಹವನ್ನು ಅಡ್ಡಲಾಗಿ ಮಲಗಿಸುವ ಬದಲು ಓರೆಯಾಗಿ ನಿಲ್ಲಿಸುತ್ತದೆ. ಓರೆಯಾದ ದೇಹ ಹೆಚ್ಚು ನೀರನ್ನು ತಳ್ಳಿಕೊಂಡು ಹೋಗಬೇಕು, ಒದೆತದ ರಭಸವೆಲ್ಲ ತಳಕ್ಕೆ ಬಡಿಯುತ್ತದೆ. ಸಲಕರಣೆಯ ಚರ್ಚೆಗಳಲ್ಲಿ ಎಲ್ಲರೂ ಹೊಗಳುವ ಫಿನ್ ಒಬ್ಬರಿಗೆ ಒಗ್ಗದಿರಲು ಬಹಳ ಸಲ ಕಾರಣ ಇಷ್ಟೇ.

ಕನ್ನಡಿಗರಲ್ಲಿ ಅನೇಕರ ಮೊದಲ ಡೈವ್ ಮುರುಡೇಶ್ವರದ ಕಡಲಿನಲ್ಲಿ, ದಡದಿಂದ ಸುಮಾರು 19 ಕಿಲೋಮೀಟರ್ ಆಚೆಯ ನೇತ್ರಾಣಿ ದ್ವೀಪದ ಬಳಿ ನಡೆಯುತ್ತದೆ. ಮಳೆಗಾಲದಲ್ಲಿ ಅಲ್ಲಿಗೆ ದೋಣಿಗಳಿಲ್ಲ, ಉಳಿದ ತಿಂಗಳುಗಳಲ್ಲಿ ನೀರು ಬೆಚ್ಚಗಿರುತ್ತದೆ. ದೋಣಿಯಿಂದ ಇಳಿದು ದೋಣಿಗೇ ಹತ್ತುವ ಅಂಥ ಜಾಗಕ್ಕೆ ಫುಲ್ ಫುಟ್ ಸಾಕು. ಅಂಡಮಾನಿನ ಸ್ವರಾಜ್ ದ್ವೀಪ, ಲಕ್ಷದ್ವೀಪಗಳಿಗೂ ಇದೇ ಮಾತು, ಆದರೆ ಅಲ್ಲಿನ ಕೆಲವು ತಾಣಗಳಲ್ಲಿ ಸೆಳವು ಬಿರುಸು, ತೀರಾ ಮೆತ್ತನೆಯ ಬ್ಲೇಡ್ ಕೈಕೊಡುತ್ತದೆ. ಇಂಗ್ಲೆಂಡು, ಕೆನಡಾದಂಥ ಕಡೆ ನೆಲೆಸಿ ಅಲ್ಲಿನ ತಣ್ಣನೆಯ ಕೆರೆ, ಕಲ್ಲುಗಣಿಯ ಹೊಂಡಗಳಲ್ಲಿ ಡೈವಿಂಗ್ ಕಲಿಯುವವರ ಲೆಕ್ಕವೇ ಬೇರೆ. ಡ್ರೈ ಸೂಟಿನ ದಪ್ಪ ಬೂಟಿಗೆ ಎರಡು ಅಳತೆ ದೊಡ್ಡ ಪಾಕೆಟ್ ಬೇಕಾಗಬಹುದು. ಊರಿಗೆ ಬಂದಾಗ ಅದೇ ಫಿನ್ ತೊಟ್ಟು ನೇತ್ರಾಣಿಗೆ ಇಳಿದರೆ ಕಾಲು ಒಳಗೆ ಲೊಡಲೊಡ ಆಡುತ್ತದೆ.

ಹವಳದ ಮಾತು ಬಂದರೆ ಫಿನ್ ಆರೋಪಿಯ ಸ್ಥಾನದಲ್ಲಿ ನಿಲ್ಲುತ್ತದೆ. ಡೈವರ್‌ಗಳನ್ನು ಹಿಂಬಾಲಿಸಿ ಗಮನಿಸಿದ ಹಲವು ಅಧ್ಯಯನಗಳಲ್ಲಿ ಹವಳಕ್ಕೆ ತಗಲುವ ಪೆಟ್ಟುಗಳಲ್ಲಿ ಹೆಚ್ಚಿನವು ಕೈಯಿಂದಲ್ಲ, ಫಿನ್‌ನಿಂದ ಆದವು ಎಂದು ಕಂಡುಬಂದಿದೆ. ಕಾಲಿನಿಂದ ಮೊಳದಷ್ಟು ಆಚೆಗೆ ಚಾಚಿಕೊಂಡಿರುವ ತುದಿ ಎಲ್ಲಿಗೆ ಬಡಿಯುತ್ತಿದೆ ಎಂಬುದು ತೊಟ್ಟವರಿಗೇ ತಿಳಿಯುವುದಿಲ್ಲ. ಗುಂಡುಕಲ್ಲಿನಂತೆ ಬೆಳೆಯುವ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೂಡ ಬೆಳೆಯುವುದು ಕಷ್ಟ. ಭಾರತದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಹುಲಿಗೆ ಸಿಗುವ ರಕ್ಷಣೆಯೇ ಅವಕ್ಕೂ ಇದೆ. ಹವಳದ ನಡುವೆ ಹೆಚ್ಚು ಹೊತ್ತು ಕಳೆಯುವವರು ತೇಲುವಿಕೆಯ ಹತೋಟಿ ಕೈಗೂಡುವವರೆಗೆ ಉದ್ದನೆಯ ಬ್ಲೇಡಿನ ಆಸೆ ಬಿಡುವುದು ಒಳ್ಳೆಯದು.

ಅಂಗಡಿಯಲ್ಲಿ ಒಂದೇ ಗೋಡೆಯ ಮೇಲೆ ತೂಗುಹಾಕಿದ ಎಲ್ಲ ಫಿನ್‌ಗಳೂ ಸ್ಕೂಬಾಕ್ಕೆ ಆಗುವುದಿಲ್ಲ. ಸ್ನಾರ್ಕೆಲಿಂಗ್‌ಗೆಂದು ಮಾಡಿದ ಗಿಡ್ಡ ಮೆತ್ತನೆಯವು ಸಿಲಿಂಡರ್ ಹೊತ್ತ ದೇಹವನ್ನು ನೂಕಲಾರವು. ಒಂದೇ ಉಸಿರಿನಲ್ಲಿ ಆಳಕ್ಕಿಳಿಯುವ ಫ್ರೀ ಡೈವಿಂಗ್‌ನವರ ಕಾರ್ಬನ್ ಫೈಬರ್ ಫಿನ್‌ಗಳು ಒಂದು ಮೀಟರ್‌ನಷ್ಟು ಉದ್ದವಿರುತ್ತವೆ. ನೋಡಲು ಸೊಗಸು, ಇಕ್ಕಟ್ಟಿನಲ್ಲಿ ತಿರುಗಲು ಸಂಕಟ. ಬಣ್ಣ ಕಣ್ಣಿಗೆ ಮೊದಲು ಬೀಳುವ ಸಂಗತಿ, ತೂಕಕ್ಕೆ ಕೊನೆಯದು. ಆದರೂ ಒಂದು ಮಾತು: ನೀರು ಕೆಂಪನ್ನು ಬೇಗ ಹೀರಿಕೊಳ್ಳುವುದರಿಂದ ಹತ್ತು ಮೀಟರ್ ಹೊತ್ತಿಗೆ ಕೆಂಪು ಫಿನ್ ಮಂಕಾಗಿ ಬೂದುಬಣ್ಣಕ್ಕೆ ತಿರುಗುತ್ತದೆ, ಹಳದಿ ಮತ್ತು ಬಿಳಿ ಜೊತೆಗಾರರ ಕಣ್ಣಿಗೆ ದೂರದಿಂದಲೂ ಸಿಗುತ್ತವೆ.

ತೊಟ್ಟು ಈಜಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಬೆಂಗಳೂರಿನ ಡೈವಿಂಗ್ ಶಾಲೆಗಳಲ್ಲಿ ಮೊದಲ ಪಾಠಗಳು ಈಜುಕೊಳದಲ್ಲೇ ನಡೆಯುತ್ತವೆ, ಬಾಡಿಗೆ ಸಲಕರಣೆಯಲ್ಲಿ ಎರಡು ಮೂರು ಬಗೆಯ ಫಿನ್‌ಗಳಾದರೂ ಇರುತ್ತವೆ. ಕೊಳದ ಒಂದು ತುದಿಯಿಂದ ಇನ್ನೊಂದಕ್ಕೆ ಆರಾಮದ ವೇಗದಲ್ಲಿ ಹೋಗಲು ಎಷ್ಟು ಒದೆತ ಬೇಕಾಯಿತೆಂದು ಎಣಿಸಿ, ಬೇರೆ ಜೋಡಿ ತೊಟ್ಟು ಮತ್ತೆ ಎಣಿಸಿದರೆ ವ್ಯತ್ಯಾಸ ತಾನೇ ಕಾಣುತ್ತದೆ. ಹತ್ತು ನಿಮಿಷದ ಮೇಲೆ ಮೀನಖಂಡ, ತೊಡೆ, ಗಿಣ್ಣು ಏನು ಹೇಳುತ್ತವೆ ಎಂಬುದನ್ನೂ ಕೇಳಿಸಿಕೊಳ್ಳಬೇಕು. ನೀರಿನಲ್ಲಿರುವಾಗಲೇ ಮೀನಖಂಡ ಹಿಡಿದುಕೊಂಡರೆ ಕಾಲನ್ನು ನೇರ ಮಾಡಿ ಫಿನ್‌ನ ತುದಿಯನ್ನು ಕೈಯಿಂದ ಮುಖದ ಕಡೆಗೆ ಎಳೆದುಕೊಂಡರೆ ಬಿಡುತ್ತದೆ. ಪ್ರತಿ ಸಲವೂ ಹೀಗೇ ಆಗುತ್ತಿದ್ದರೆ ಆ ಫಿನ್ ಆ ಕಾಲಿನದ್ದಲ್ಲ.

ವಿಮಾನದಲ್ಲಿ ಹೋಗಿ ಬರುವವರು ಉದ್ದ ಮತ್ತು ತೂಕವನ್ನೂ ಲೆಕ್ಕ ಹಾಕಬೇಕಾಗುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಬಿಡುವ 15 ಕಿಲೋ ಸಾಮಾನಿನಲ್ಲಿ ರಬ್ಬರ್ ಫಿನ್ ಮತ್ತು ಬೂಟು ಸೇರಿದರೆ ನಾಲ್ಕು ಕಿಲೋ ಅಲ್ಲೇ ಹೋಗುತ್ತದೆ. ಅಂಡಮಾನಿಗೆ ವರ್ಷಕ್ಕೊಮ್ಮೆ ಹೋಗುವವರಿಗೆ ಹಗುರ ಫುಲ್ ಫುಟ್ ಮೇಲೆನಿಸುವುದು ಈ ಲೆಕ್ಕದಿಂದಲೂ ಹೌದು.

ಕೊಂಡ ಫಿನ್ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬಂದರೂ ಅಚ್ಚರಿಯಿಲ್ಲ. ಪ್ರತಿ ಡೈವ್ ದಿನದ ಕೊನೆಗೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು, ಬಿಸಿಲು ರಬ್ಬರನ್ನು ಒಡೆಯಿಸುತ್ತದೆ. ಬ್ಲೇಡಿನ ತುದಿಯ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಅದು ಹಾಗೇ ಬಾಗಿ ಉಳಿಯುತ್ತದೆ, ಮಲಗಿಸಿ ಇಡಬೇಕು. ಫುಲ್ ಫುಟ್ ಜೊತೆಗೆ ಬರುವ ಪ್ಲಾಸ್ಟಿಕ್ ಅಚ್ಚನ್ನು ಜನ ಮೊದಲ ದಿನವೇ ಕಸಕ್ಕೆ ಎಸೆಯುತ್ತಾರೆ, ಪಾಕೆಟ್ ಆಕಾರ ಕೆಡದಂತೆ ಕಾಯುವುದು ಅದೇ. ಫಿನ್ ತೊಟ್ಟು ನೆಲದ ಮೇಲೆ ನಡೆಯಬಾರದು, ನಡೆಯಲೇಬೇಕಾದರೆ ಹಿಮ್ಮುಖವಾಗಿ ಹೆಜ್ಜೆಯಿಡಬೇಕು. ಓಪನ್ ಹೀಲ್ ಇರುವವರ ಚೀಲದಲ್ಲಿ ಒಂದು ಹೆಚ್ಚುವರಿ ಪಟ್ಟಿ ಸದಾ ಇರಲಿ. ಡೈವ್‌ಗೆ ಮೊದಲು ಪಟ್ಟಿಯನ್ನು ಎಳೆದು ಬಿರುಕು ನೋಡಲು ಅರ್ಧ ನಿಮಿಷವೂ ಬೇಡ.

ಫಿನ್ ಕೊಳ್ಳುವುದು ಎಲ್ಲರಿಗೂ ಅಗತ್ಯವಲ್ಲ. ನೇತ್ರಾಣಿಯಲ್ಲಿ ಒಮ್ಮೆ ಮುಳುಗಿ ನೋಡುವ ಆಸೆಯಿಂದ ಹೋಗುವವರನ್ನು ತರಬೇತುದಾರರೇ ಸಿಲಿಂಡರ್ ಹಿಡಿದು ಕರೆದೊಯ್ಯುತ್ತಾರೆ, ಅಲ್ಲಿ ಕೊಡುವ ಬಾಡಿಗೆಯ ಜೋಡಿ ಸಾಕು. ಅದು ಕಾಲಿಗೆ ಕೂರುತ್ತದೋ ಇಲ್ಲವೋ ಎಂದು ದೋಣಿ ಹೊರಡುವ ಮೊದಲೇ ನೋಡಿ, ಒಗ್ಗದಿದ್ದರೆ ಸಂಕೋಚಪಡದೆ ಬೇರೆ ಕೇಳಬೇಕು. ಕೋರ್ಸ್ ಮುಗಿಸಿ ವರ್ಷಕ್ಕೆ ಎರಡು ಮೂರು ಸಲವಾದರೂ ಕಡಲಿಗಿಳಿಯುವವರು ಮಾಸ್ಕ್ ಆದ ಮೇಲೆ ಎರಡನೆಯದಾಗಿ ಕೊಳ್ಳಬೇಕಾದದ್ದು ಬೂಟು, ಫಿನ್. ಅಂಥವರಿಗೆ ನಡುವಿನ ಬಿಗುಪಿನ, ಸೀಳಿಲ್ಲದ ಬ್ಲೇಡಿನ, ಸ್ಪ್ರಿಂಗ್ ಪಟ್ಟಿಯ ಓಪನ್ ಹೀಲ್ ಫಿನ್ ತಕ್ಕದ್ದು.